ಚಕ್ರವಾಕಕ್ಕ ಸಾಕ್ಷಿ ಹೇಳಿದ್ದು

ಇನ್ನೊಂದೀಟು ಹತ್ರ ಬರ್ರಿ. ಇದನ್ನ ಯಾರಿಗೂ ಹೇಳಬಾರದು, ನಿಮ್ಮ ಯಜಮಾನರಿಗೂ. ನಮ್ಮ ಓಣ್ಯಾಗ ಇಂಥವು ನಿಲ್ಲೋದೇ ಇಲ್ಲ. ಕೇಳಿ ಕೇಳಿ, ಹೇಳಿ ಹೇಳಿ ನನಗೂ ಸಾಕಾಗೇತಿ. ಅದು ಮೈನಿಂಗ್ ಜೋರಿದ್ದ ಕಾಲ. ಬಳ್ಳಾರಿ ತುಂಬ ಎಕ್ಸ್‌ಪೋರ್ಟಿಗೆ ಹೋಗೋ ಅದಿರಿನ ಲಾರಿ. ಎಷ್ಟು ಸಲ ಕಸ ಹೊಡದ್ರೂ ಅಂಗಳ ಕೆಂಪು, ನನ್ನ ಸೊಂಟ ಬಿದ್ದುಹೋಗಿತ್ತು.

ಕೊರಳಿಗೆ ದುರ್ಬೀನು

ಪಕ್ಕದ ಮನ್ಯಾಗ ಬಾಡಿಗಿಗೆ ಇದ್ದಾಕಿ ಒಬ್ಬ ರಿಟೈರ್ಡ್ ಟೀಚರಮ್ಮ. ಮದಿವಿ ಆಗಿಲ್ಲ. ಚಳಿಗಾಲ ಬಂತಂದ್ರ ನಸುಕಿನ್ಯಾಗ ಸಿರುಗುಪ್ಪ ಕಡೆಯ ಮಾಸ್ತರೊಬ್ಬರು ಸ್ಕೂಟರ್ ತರ್ತಿದ್ರು. ಈಕಿ ಕೊರಳಿಗೆ ದುರ್ಬೀನು ಹಾಕ್ಕೊಂಡು ಹಿಂದ ಕುಂತು ಹೊಂಟುಬಿಡಾಕಿ.

"ಎಲ್ಲಿಗ್ರೀ?" ಅಂದೆ.

"ಕೆರಿಗೆ, ಬಾತು ನೋಡಾಕ."

ಬಾತಂತ! ನಾನು ಒಂದೇ ಒಂದು ಕಿವಿಗೆ ಹಾಕಿದೆ. ಸಂಜಿಗೆ ಸುದ್ದಿ ಓಣಿ ಸುತ್ತಿ ನನ್ನ ಬಾಗಿಲಿಗೇ ಬಂತು. ಅಷ್ಟರಾಗ ಮಂದಿ ಬಾಯಾಗ ಅವರಿಬ್ಬರಿಗೆ ಗುಡ್ಯಾಗ ಮದಿವಿನೂ ಆಗಿತ್ತು. ನಮ್ಮನ್ನ ಕರೀಲೇ ಇಲ್ಲ ನೋಡ್ರಿ ಅಂತ ನನಗೇ ಸಿಟ್ಟು ಬಂತು.

ಕರಿ ಪಟ್ಟಿ

ಮನಿ ಮಾಲಕ ಇಂಥಾ ನೆಪಕ್ಕ ಕಾಯ್ತಿದ್ದ. ಲಾರಿ ಮಂದಿ ಹೆಚ್ಚಿನ ಬಾಡಿಗಿ ಕೊಡ್ತೀವಂತ ಆ ಮನಿ ಕೇಳಾಕತ್ತಿದ್ರು. ಬಂದವನೇ, "ಮರ್ಯಾದಸ್ಥರ ಓಣಿ ಇದು. ಖಾಲಿ ಮಾಡ್ರಿ" ಅಂದ. ಟೀಚರಮ್ಮ ತಾನು ಕಂಡ ಹಕ್ಕಿ ಬರಿಯೋ ನೋಟ್‌ಬುಕ್ ತಂದು ಆತನ ಕೈಗೆ ಕೊಟ್ಲು. ಆತ ಗಟ್ಟಿಯಾಗಿ ಓದಿದ: "ಕುರುಗೋಡು ಕೆರೆ. ಜೋಡಿ ಬಂದಿದೆ. ಗಂಡಿನ ಕೊರಳಲ್ಲಿ ಕರಿ ಪಟ್ಟಿ."

ಗೇಟಿನ್ಯಾಗ ನಿಂತಿದ್ದ ಮಾಸ್ತರ ಕೊರಳಾಗ ಕರಿ ಮಫ್ಲರ್! ಅವರು ಅಂಜಿ ಅದನ್ನ ಬಿಚ್ಚಿ ಕಿಸೆದಾಗ ತುರುಕಿದ್ರು. ಇನ್ನೂ ಕೆಟ್ಟಾತು.

"ಅದು ಚಕ್ರವಾಕ ರೀ. ಚಳಿಗಾಲಕ್ಕ ಹಿಮಾಲಯದ ಆಚಿಂದ ಬರೋ ಬಾತು" ಅಂದ್ಲು ಟೀಚರಮ್ಮ.

"ಹಂಗಾದ್ರ ಈಯಮ್ಮ ಹೋಗಿ ನೋಡಿ ಸಾಕ್ಷಿ ಹೇಳ್ಲಿ. ಇಲ್ಲಾಂದ್ರ ಸೋಮವಾರ ಕೀಲಿ ಕೊಡ್ರಿ" ಅಂತ ಮಾಲಕ ಅಂಗಳದಾಗ ನಿಂತು ಕೇಳಾಕತ್ತಿದ್ದ ನನ್ನ ಕಡೆ ಬೆರಳು ಮಾಡಿದ.

ಬೆಂಕಿ ಹಚ್ಚಿದಾಕಿಗೇ ನೀರು ಹೊರೋ ಕೆಲಸ!

ಹಲಕುಂದಿ ಹೊಂಡ

ಶನಿವಾರ ಮೂವರೂ ಆಟೋದಾಗ ಹೋದ್ವಿ. ಹಲಕುಂದಿ ರೋಡಿನ ಪಕ್ಕದ ಹೊಂಡದಾಗ ಒಂದು ಕೆಂಪು ಹಕ್ಕಿ. "ಚಕ್ರವಾಕ!" ಅಂತ ಟೀಚರಮ್ಮ ಬರಿಯಾಕ ಹತ್ತಿದ್ಲು. ಮನಿ ಹೋಗೋ ಚಿಂತ್ಯಾಗ ಕಣ್ಣಿಗೆ ಬೇಕಾದ್ದೇ ಕಾಣ್ತೈತಿ.

"ತಡೀರಿ, ನಮ್ಮ ಬಿಳಿ ಕೋಳಿನೂ ಈಗ ಇದೇ ಬಣ್ಣ ಐತಿ" ಅಂದೆ.

ಅಷ್ಟರಾಗ ಅದು ಮುಳುಗೆದ್ದು ರೆಕ್ಕಿ ಝಾಡಿಸ್ತು. ಬೆಳ್ಳಗ! ಯಾರೋ ಸಾಕಿದ ಬಾತು, ಮೈತುಂಬ ಅದಿರಿನ ಧೂಳು. ಟೀಚರಮ್ಮ ಬರೆದದ್ದನ್ನ ಹೊಡೆದು ಹಾಕಿದ್ಲು.

ಮಾಸ್ತರು ಮೆಲ್ಲಕ ಅಂದ್ರು: "ಎಕ್ಸ್‌ಪೋರ್ಟ್ ಕ್ವಾಲಿಟಿ ಬಾತು."

ಕುರುಗೋಡು ಕೆರಿ

ಭಾನುವಾರ ಕುಂತು ಕುಂತು ಮೊಣಕಾಲು ಹಿಡ್ಕೊಂಡ್ವು. ದುರ್ಬೀನು ನನ್ನ ಕೈಯಾಗ. ಕಡೀಗೆ ಬಂದ್ವು ನೋಡ್ರಿ, ಎರಡು. ಮೈಯೆಲ್ಲ ಕಾವಿ ಬಣ್ಣ, ತಲಿ ಮಾತ್ರ ತಿಳಿ ಬಣ್ಣ, ಒಂದರ ಕೊರಳಾಗ ಕರಿ ಪಟ್ಟಿ. ನೀರಾಗ ಮುಳುಗಿ ಎದ್ರೂ ಬಣ್ಣ ಹೋಗಲಿಲ್ಲ. ಆ ಹಕ್ಕಿ ಒಂದಕ್ಕೊಂದು ಒತ್ಕೊಂಡು ನಿಂತಿದ್ವು. ಇತ್ತ ಟೀಚರಮ್ಮ, ಮಾಸ್ತರ ನಡುವ ನಾನು ಕಾಲು ಚಾಚಿ ಮಲಗಬಹುದಿತ್ತು. ಇಷ್ಟಕ್ಕ ನಾನು ಓಣಿ ತುಂಬ ತಿರುಗಿ ದಣಿದೆ?

ಮಾಲಕಗ ಹೇಳಿದೆ: "ಬಾತು ಅದಾವಪ್ಪ, ಎರಡು. ಬ್ಯಾರೆ ಏನೂ ಇಲ್ಲ." ಆತ ಮಾರಿ ಸಪ್ಪಗ ಮಾಡ್ಕೊಂಡು ಹೋದ. ಮನಿ ಉಳೀತು.

ಟೀಚರಮ್ಮ ಕೈ ಮುಗೀತಾಳ ಅಂತ ನಿಂತೆ. ಆಕಿ ನನ್ನ ಮಾರಿ ನೋಡೇ ಅಂದ್ಲು:

"ಅಕ್ಕಾರ, ಇವತ್ತ ಮೊದಲ್ನೇ ಸಲ ಕಂಡದ್ದಷ್ಟೇ ಹೇಳೀರಿ. ಅಭ್ಯಾಸ ಇಲ್ಲದ ಕೆಲಸ. ಜ್ವರ ಗಿರ ಬಂದೀತು, ಹೋಗಿ ಮಲಕೊಳ್ರಿ."