ರೊಟ್ಟಿಯವಳ ಅಪ್ಪ

ಹಿಂದಿನ ಜನ್ಮದಲ್ಲಿ ಏನಾಗಿದ್ದಿರಬಹುದು ಎಂಬ ಮಾತು ಬಂದಾಗ ನಮ್ಮಲ್ಲಿ ಹೆಚ್ಚಿನವರು ರಾಜನಿಂದ ಶುರುಮಾಡಿ, ಬಹಳ ವಿನಯವಂತರಾದರೆ ಮಂತ್ರಿಯವರೆಗೆ ಇಳಿಯುತ್ತಾರೆ. ಕಲ್ಲು ಹೊತ್ತಿದ್ದೆ, ಹಿಟ್ಟು ನಾದಿದ್ದೆ ಎಂದವರನ್ನು ನಾನು ಕಂಡಿಲ್ಲ. ದುಬೈಯ ಡಿಸ್ಕವರಿ ಗಾರ್ಡನ್ಸ್‌ನ ಬಾಡಿಗೆ ಮನೆಯಿಂದ ದಿನಾ ಮೆಟ್ರೋದಲ್ಲಿ ನೇತಾಡಿಕೊಂಡು ವಿಮಾ ಕಂಪನಿಗೆ ಹೋಗಿಬರುವ ನನಗೂ, ವಂಶದಲ್ಲಿ ಎಲ್ಲೋ ಒಂದು ಸಿಂಹಾಸನ ಇದ್ದಿರಬೇಕೆಂಬ ಗುಮಾನಿ ಇದೆ. ಅದಕ್ಕೇ ಮಗಳು ಅನ್ವಿ ಶಾಲೆಯಿಂದ ಬಂದು, ಪ್ರಾಚೀನ ಈಜಿಪ್ಟಿನ ಜನಜೀವನ ತೋರಿಸುವ ಆರನೇ ಕ್ಲಾಸಿನ ನಾಟಕದಲ್ಲಿ ತನ್ನದು ರೊಟ್ಟಿ ಸುಡುವವಳ ಪಾತ್ರ ಎಂದಾಗ ನನಗೆ ಇರಿಸುಮುರಿಸಾಯಿತು.

"ರಾಣಿ ಯಾರು?" ಎಂದೆ.

"ಐ ಡೋಂಟ್ ನೋ ಪಪ್ಪಾ. ನನಗೆ ರಿಯಲ್ ಹಿಟ್ಟು ಕೊಡ್ತಾರೆ," ಎಂದಳು ಖುಷಿಯಿಂದ.

"ಅವಳಿಗೇ ಬೇಜಾರಿಲ್ಲ. ನೀವು ಅಲ್ಲಿ ಹೋಗಿ ಮಾತಾಡ್ಬೇಡಿ ಮಾರಾಯ್ರೆ," ಎಂದಳು ಹೆಂಡತಿ ಶುಭಾ. ನಾನು ಹೋದೆ.

ನಾಟಕ ಮಾಡಿಸುತ್ತಿದ್ದವರು ಮಂಗಳೂರಿನ ಲವೀನಾ ಟೀಚರ್. ಪ್ರತಿಭೆಗೆ ತಕ್ಕ ಅವಕಾಶ ಎಂದು ಶುರುವಾದ ನನ್ನ ಭಾಷಣವನ್ನು ಅವರು ತಾಳ್ಮೆಯಿಂದ ಕೇಳಿದರು.

"ಕೂತ್ಕೊಳ್ಳಿ ಶೆಟ್ರೆ. ಈ ವಾರ ತುಂಬ ಜನ ಪೇರೆಂಟ್ಸ್ ಬಂದ್ರು. ಮೊದ್ಲು ಒಬ್ಳೇ ರಾಣಿ ಇದ್ದದ್ದು. ಈಗ ರಾಣಿಯರು ಮೂವರು, ರಾಜರು ಅಂದ್ರೆ ಫೇರೋಗಳು ನಾಲ್ಕು ಜನ. ಪುರೋಹಿತರು ಒಂದು ಬೆಂಚು ತುಂಬ ಇದ್ದಾರೆ. ಹೊಲಕ್ಕೆ ಜನ ಇಲ್ಲ, ಕಲ್ಲು ಎಳೀಲಿಕ್ಕೆ ಜನ ಇಲ್ಲ. ಇವಳೂ ರಾಣಿಯಾದ್ರೆ ಅಷ್ಟು ಜನಕ್ಕೆ ಊಟ ಹಾಕುವುದು ಯಾರು?"

ನನಗೆ ನಮ್ಮ ಆಫೀಸು ನೆನಪಾಯಿತು. ಅಲ್ಲಿ ಎಲ್ಲರ ಹುದ್ದೆಯ ಬಾಲದಲ್ಲೂ ಮ್ಯಾನೇಜರ್ ಇದೆ. ಪ್ರಿಂಟರಿನಲ್ಲಿ ಕಾಗದ ಮುಗಿದರೆ ಸಂಜೆಯವರೆಗೂ ಅದು ಹಾಗೇ ಕಿರುಚುತ್ತಿರುತ್ತದೆ. ಮರ್ಯಾದೆಯಾಗಿ ಎದ್ದು ಬರಬೇಕಲ್ಲ ಎಂದು, "ನನ್ನಿಂದ ಏನಾದ್ರೂ ಸಹಾಯ ಬೇಕಾದ್ರೆ ಹೇಳಿ," ಎಂದೆ. ಹೊರಡುವಾಗ ಎಲ್ಲರೂ ಹೇಳುವ ಮಾತದು, ಯಾರೂ ನಂಬುವುದಿಲ್ಲ. ಟೀಚರ್ ನಂಬಿದರು.

"ನಿಮ್ಮ ಸೊಂಟ ಗಟ್ಟಿ ಉಂಟಲ್ವಾ?" ಎಂದು ಕೇಳಿದರು.

ಹೀಗೆ ನಾಟಕದ ದಿನ ನಾನು ದೇವಸ್ಥಾನಕ್ಕೆ ಉಡುವ ಪಂಚೆಯನ್ನು ಮೊಣಕಾಲ ಮೇಲೆ ಕಟ್ಟಿಕೊಂಡು ಪಿರಮಿಡ್ಡಿನ ಕಲ್ಲು ಎಳೆದೆ. ಕಲ್ಲೆಂದರೆ ಬಣ್ಣ ಬಳಿದ ರಟ್ಟಿನ ಪೆಟ್ಟಿಗೆ. ಭಾರವಾಗಿ ಕಾಣಲಿ ಎಂದು ಯಾರೋ ಅದರೊಳಗೆ ಹಳೆಯ ಪಠ್ಯಪುಸ್ತಕ ತುಂಬಿದ್ದರು. ಭಾರವಾಗಿಯೇ ಇತ್ತು. ವೇದಿಕೆಯ ನಡುವೆ ಕಾರ್ಪೆಟ್ಟಿನ ಅಂಚಿಗೆ ಸಿಕ್ಕಿಕೊಂಡು, ಎಷ್ಟು ಎಳೆದರೂ ಅಲುಗಲಿಲ್ಲ. ಸಿಂಹಾಸನದಿಂದ ಒಬ್ಬ ಫೇರೋ "ಯಲ್ಲಾ, ಯಲ್ಲಾ" ಎಂದು ಅರಬಿಯಲ್ಲಿ ಅವಸರಿಸಿದ. ಸಭೆ ನಕ್ಕಿತು. ಮೊದಲ ಸಾಲಿನಲ್ಲಿ ಶುಭಾ ಮೊಬೈಲು ಹಿಡಿದು ಎಲ್ಲವನ್ನೂ ಚಿತ್ರೀಕರಿಸುತ್ತಿದ್ದಳು. ನಾನು ಕಲ್ಲಿನ ಮೇಲೆಯೇ ಕೂತುಬಿಟ್ಟೆ.

ಪುಣ್ಯಕ್ಕೆ ಮುಂದಿನದು ಊಟದ ದೃಶ್ಯ. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡ ಅನ್ವಿಯ ಮುಂದೆ ಫೇರೋಗಳು, ರಾಣಿಯರು, ಪುರೋಹಿತರು ಎಲ್ಲರೂ ಸಾಲು ನಿಂತರು. ನಡುವೆ ನುಗ್ಗಿದ ಫೇರೋನನ್ನು ಅವಳು "ಲೈನ್ ಪ್ಲೀಸ್" ಎಂದು ಹಿಂದಕ್ಕೆ ಕಳಿಸಿದಳು. ಅವನು ಕಿರೀಟ ಸರಿಮಾಡಿಕೊಂಡು ಹೋದ. ಅಲ್ಲಿ ಆ ಹೊತ್ತಿಗೆ ದೇಶ ಆಳುತ್ತಿದ್ದವಳು ಅವಳೇ.

ಕೊನೆಗೆ ನನ್ನ ಸರದಿ. ಅವಳು ಒಮ್ಮೆ ಕಲ್ಲನ್ನು ನೋಡಿದಳು, ಒಮ್ಮೆ ನನ್ನನ್ನು. ರೊಟ್ಟಿಯನ್ನು ಎರಡು ತುಂಡು ಮಾಡಿ ಒಂದನ್ನು ಕೊಟ್ಟಳು.

"ನೀವು ಹಾಫ್ ವೇ ಅಲ್ವಾ ಪಪ್ಪಾ ಎಳೆದದ್ದು," ಎಂದಳು, ಮೈಕಿಗೆ ಕೇಳಿಸದಷ್ಟು ಮೆಲ್ಲಗೆ.

ಅಂಚು ಸೀದಿತ್ತು, ಒಳಗೆ ಬೆಂದಿರಲಿಲ್ಲ. ಆದರೂ ಅಲ್ಲೇ ನಿಂತು ತಿಂದೆ. ರಾಣಿಯರ ಅಪ್ಪಂದಿರು ಕೆಳಗೆ ಕೋಟು ಹಾಕಿಕೊಂಡು ಬರಿಗೈಯಲ್ಲಿ ಕೂತಿದ್ದರು. ಉಳಿದ ಅರ್ಧವನ್ನೂ ಕೇಳೋಣ ಎನಿಸಿತು. ಆದರೆ ನನ್ನ ಹಿಂದೆ ಇಬ್ಬರು ಫೇರೋಗಳು ಎರಡನೇ ಸಲಕ್ಕೆ ಬಂದು ನಿಂತಿದ್ದರು.