ಹಂಡೆಯ ಒಲೆಗೆ ಕಡ್ಡಿ ಗೀರುವವರು ಯಾರು?

ನನ್ನನ್ನು ನಾನೇ ಹೊಗಳಿಕೊಳ್ಳುವುದು ಚೆನ್ನಲ್ಲವೆಂದು ನನಗೂ ಗೊತ್ತು. ಆದರೆ ಆ ಕೆಲಸಕ್ಕೆ ಬೇರೆ ಯಾರೂ ಮುಂದೆ ಬರದಿದ್ದರೆ ಏನು ಮಾಡುವುದು? ಮೊನ್ನೆ ಊಟದ ಹೊತ್ತಿಗೆ, ಗಣಿತ ಪಾಠ ಹೇಳುವ ನನ್ನ ಅಳಿಯಂದಿರು ಗೇಮ್ ಥಿಯರಿ ಎಂಬುದನ್ನು ವಿವರಿಸುತ್ತಿದ್ದರು. ಎಲ್ಲರಿಗೂ ಬೇಕಾದ ಕೆಲಸವನ್ನು ಯಾರಾದರೂ ಒಬ್ಬರು ಮಾಡಿದರೆ ಸಾಕು ಎನ್ನುವಾಗ, ಆ ಒಬ್ಬ ತಾನಾಗದಿರಲಿ ಎಂದು ಪ್ರತಿಯೊಬ್ಬನೂ ಕಾಯುತ್ತಾನಂತೆ. ಇದಕ್ಕೆ ದೊಡ್ಡ ದೊಡ್ಡ ವಿದ್ವಾಂಸರು ತಲೆ ಕೆಡಿಸಿಕೊಂಡಿದ್ದಾರಂತೆ. ನಾನು ಸಾರನ್ನ ಕಲಸುತ್ತಾ, "ಅದನ್ನ ನಾನು ರಾಜಾಜಿನಗರದ ವಠಾರದಲ್ಲೇ ಬಗೆಹರಿಸಿದ್ದೆ ಕಣ್ರೀ" ಎಂದೆ. ಅಳಿಯಂದಿರು ಮರ್ಯಾದಸ್ಥರು, ನಗಲಿಲ್ಲ.

ಐವತ್ತರ ದಶಕದ ಮಾತು. ರಾಜಾಜಿನಗರ ಆಗ ಇನ್ನೂ ಎಳೆಯದು. ಮನೆಗಳಿಗಿಂತ ಗಡಿಕಲ್ಲು, ಪೊದೆಗಳೇ ಹೆಚ್ಚು. ನಮ್ಮ ವಠಾರದ ನಾಲ್ಕು ಮನೆಗಳಿಗೆ ಸೇರಿ ಒಂದೇ ಬಚ್ಚಲು, ಅದರಲ್ಲಿ ಒಲೆಗೆ ಹೂತ ಒಂದು ತಾಮ್ರದ ಹಂಡೆ. ಬೆಳಿಗ್ಗೆ ಮೊದಲು ಎದ್ದವರು ಬೂದಿ ಬಾಚಿ, ನೀರು ತುಂಬಿಸಿ, ತಮ್ಮ ಸೌದೆ ಒಟ್ಟಿ ಉರಿ ಹಚ್ಚಬೇಕು. ಆಮೇಲೆ ಬಂದವರು ತೋಡಿಕೊಂಡಷ್ಟು ತಣ್ಣೀರು ಸುರಿದು, ಸೌದೆಯನ್ನು ಒಂದಿಷ್ಟು ಒಳಕ್ಕೆ ತಳ್ಳಿದರೆ ಮುಗಿಯಿತು. ಹೀಗಿದ್ದ ಮೇಲೆ ಮೊದಲು ಏಳುವ ದಡ್ಡ ಯಾರು? ಚಳಿಗಾಲದ ಬೆಳಗಿನಲ್ಲಿ ಗಂಡಸರೆಲ್ಲ ಎಚ್ಚರವಾಗಿಯೇ ಕಂಬಳಿಯೊಳಗೆ ಬಿದ್ದುಕೊಂಡು, ಬಚ್ಚಲ ಬಾಗಿಲು ಕಿರುಗುಟ್ಟುವುದನ್ನೇ ಕಾಯುತ್ತಿದ್ದೆವು. ಕೆಮ್ಮು ಬಂದರೂ ನುಂಗಿಕೊಳ್ಳುತ್ತಿದ್ದೆವು, ಕೆಮ್ಮಿದರೆ ಎಚ್ಚರವಾಗಿರುವುದು ಗೊತ್ತಾಗಿಬಿಡುತ್ತದಲ್ಲ. ಕಡೆಗೆ ಹೊತ್ತು ಮೀರಿ ಎಲ್ಲರೂ ಒಟ್ಟಿಗೆ ಹೊರಬಿದ್ದು, ದೇವರ ಹೆಸರನ್ನು ಅಗತ್ಯಕ್ಕಿಂತ ಗಟ್ಟಿಯಾಗಿ ಕೂಗುತ್ತಾ ತಣ್ಣೀರು ಸುರಿದುಕೊಂಡು ಕೆಲಸಕ್ಕೆ ಓಡುತ್ತಿದ್ದೆವು. ಈ ಪಂದ್ಯದಲ್ಲಿ ನಾನು ಒಮ್ಮೆಯೂ ಸೋತವನಲ್ಲ. ನಮ್ಮ ಕಛೇರಿಯಲ್ಲೂ ಅಷ್ಟೇ, ಕುಡಿಯುವ ನೀರಿನ ಹೂಜಿ ಬರಿದಾದರೆ ಅತ್ತ ತಿರುಗಿಯೂ ನೋಡದಿರುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ.

ಅಷ್ಟರಲ್ಲಿ ನನ್ನ ಹೆಂಡತಿ ಸರೋಜ ಕೈಗೂಸಿನೊಂದಿಗೆ ತವರಿನಿಂದ ಬಂದಳು. ಕೂಸಿಗೆ ದಿನಾ ಎಣ್ಣೆ ಹಚ್ಚಿ ಬಿಸಿನೀರು ಎರೆಯಬೇಕು. "ರೀ, ಮಗೂಗೆ ಶೀತ ಆದ್ರೆ ರಾತ್ರಿಯೆಲ್ಲಾ ಎತ್ಕೊಂಡು ತಿರುಗೋರು ಯಾರು? ಎದ್ದು ಹಂಡೆ ಹಚ್ಚಿ" ಎಂದಳು. ಎದ್ದೆ. ನಾನು ಏಳಲೇಬೇಕಾದವನು ಎಂಬುದು ವಠಾರಕ್ಕೆಲ್ಲ ತಿಳಿದುಹೋಯಿತು. ಪಕ್ಕದ ಮನೆಯ ವೆಂಕಟಪ್ಪನವರು, ಗಿರಣಿಯಲ್ಲಿ ಫಿಟ್ಟರ್, ಮಗ್ಗುಲು ಬದಲಿಸಿ ಮಲಗತೊಡಗಿದರು. ಎದುರುಮನೆಯ ಪುಟ್ಟತಾಯಮ್ಮನವರು "ನಿಮ್ಮಂಥೋರು ವಠಾರಕ್ಕೊಬ್ರು ಇರ್ಬೇಕು ಸ್ವಾಮಿ" ಎಂದು ಹೊಗಳುತ್ತಲೇ ಬಿಂದಿಗೆ ತುಂಬಿಕೊಂಡು ಹೋಗುತ್ತಿದ್ದರು. ನಿದ್ದೆ ನನ್ನದು, ಸೌದೆ ನನ್ನದು, ಸ್ನಾನ ಅವರದು. ನನಗೆ ಹೊಟ್ಟೆ ಉರಿಯುತ್ತಿತ್ತು. ಆದರೂ ಬಿಸಿನೀರು ಬಿದ್ದು ಕೆಂಪಗಾದ ಕೂಸು ತೊಟ್ಟಿಲಲ್ಲಿ ನಿದ್ದೆಹೋದಾಗ, ಅದರ ಮುಖ ನೋಡಿ ಉರಿಯೆಲ್ಲ ಇಳಿದುಹೋಗುತ್ತಿತ್ತು.

ಒಂದು ಬೆಳಿಗ್ಗೆ ಕಣ್ಣು ಬಿಟ್ಟರೆ ಬಿಸಿಲೇರಿಬಿಟ್ಟಿದೆ. ಮಗುವಿಗೆ ನೀರಿಲ್ಲವಲ್ಲ ಎಂದು ಬಚ್ಚಲಿಗೆ ಓಡಿದೆ. ಹಂಡೆ ಮರಳುತ್ತಿತ್ತು. ವೆಂಕಟಪ್ಪನವರು ಕುಕ್ಕರುಗಾಲಲ್ಲಿ ಕೂತು ಉರಿ ಸರಿಮಾಡುತ್ತಿದ್ದರು. ಪುಟ್ಟತಾಯಮ್ಮನವರು ಮಡಿಲಲ್ಲಿ ತೆಂಗಿನ ಕರಟ ತಂದಿದ್ದರು.

"ನೀವು ಹೋಗಿ ಮಲಕ್ಕೊಳ್ಳಿ ಸಾರ್. ಇನ್ಮೇಲೆ ನಾವು ಮೂರು ಮನೆಯೋರೇ ಸರದಿ ಮೇಲೆ ಹಚ್ತೀವಿ, ಮಾತಾಡ್ಕೊಂಡಿದೀವಿ" ಎಂದರು ವೆಂಕಟಪ್ಪನವರು.

ನನ್ನ ಕಣ್ಣು ತುಂಬಿಬಂತು. ಒಬ್ಬನೇ ಒಬ್ಬ ಮನುಷ್ಯ ಬಾಯಿಬಿಟ್ಟು ಒಂದು ಮಾತೂ ಆಡದೆ ಇಷ್ಟು ಜನರ ಮನಸ್ಸು ತಿರುಗಿಸಬಹುದೆಂದು ನಾನೇ ಎಣಿಸಿರಲಿಲ್ಲ. ಎದೆಯುಬ್ಬಿಸಿ ಒಳಗೆ ಬಂದು ಸರೋಜಳಿಗೆ ಅದನ್ನೇ ಹೇಳಿದೆ.

ಅವಳು ಮಗುವಿನ ತಲೆ ಒರೆಸುತ್ತಾ, "ನಿನ್ನೆ ಮೂರು ಮನೆಯೋರೂ ನನ್ ಹತ್ರ ಬಂದಿದ್ರು. ನಿಮ್ ಯಜಮಾನ್ರು ಹಸಿ ಸೌದೆ ತುರುಕಿ ವಠಾರಕ್ಕೆಲ್ಲಾ ಹೊಗೆ ತುಂಬಿಸ್ತಾರೆ, ಮಲಗೋಕೂ ಆಗ್ತಿಲ್ಲ, ದಯವಿಟ್ಟು ಅವರನ್ನ ಏಳೋಕೆ ಬಿಡ್ಬೇಡಿ ತಾಯಿ, ಮಿಕ್ಕಿದ್ದು ನಾವು ನೋಡ್ಕೋತೀವಿ ಅಂದ್ರು" ಎಂದಳು.

ಇರಲಿ. ನಾವು ಆ ವಠಾರ ಬಿಡುವವರೆಗೂ ಸರದಿ ತಪ್ಪಲಿಲ್ಲ, ನನ್ನ ಮಗಳಿಗೆ ಒಂದು ದಿನವೂ ಬಿಸಿನೀರಿಗೆ ಕೊರತೆಯಾಗಲಿಲ್ಲ. ಆ ಹೆಮ್ಮೆ ನನಗೆ ಇವತ್ತಿಗೂ ಇದೆ. ಯಾರಾದರೂ ಏಳುವುದು ಸ್ವಲ್ಪ ತಡವಾದರೆ, ನಾನು ಬೆಂಕಿಪೊಟ್ಟಣ ಹಿಡಿದು ಬಚ್ಚಲ ಬಾಗಿಲಲ್ಲಿ ಸುಮ್ಮನೆ ನಿಲ್ಲುತ್ತಿದ್ದೆ. ಮೂರೂ ಮನೆಯ ಬಾಗಿಲು ಒಟ್ಟಿಗೆ ತೆರೆಯುತ್ತಿದ್ದವು.