ಮಾಮಾ ನಡೆದಾಡಿದ ರಾಜ್ಯ

ಹೋದ ವರ್ಷವೆಲ್ಲ ನಮ್ಮ ಮಾಮಾ ದಿನಾ ಹರದಾರಿಗಟ್ಟಲೆ ನಡೆದರು. ಗುಡ್ಡ ಹತ್ತಿದರು, ಹೊಳೆ ದಾಟಿದರು, ಹಾದಿಯಲ್ಲಿ ರಾಕ್ಷಸರು ಅಡ್ಡ ಬಂದರೆ ನಾಕು ಬಾರಿಸಿ ಮುಂದೆ ಹೋದರು. ಕುರ್ಚಿಯಿಂದ ಮಾತ್ರ ಏಳಲಿಲ್ಲ!

ಮಾಮಾ ಅಂದರೆ ನಮ್ಮ ಅಕ್ಕನ ಗಂಡ. ಶಹಾಪುರದಲ್ಲಿ ನನ್ನದು ವೆಲ್ಡಿಂಗ್ ಅಂಗಡಿ, ಹಿಂದಿನ ಓಣಿಯಲ್ಲೇ ಅವರ ಮನೆ. ಯಾದಗಿರಿ, ಸುರಪುರ, ಗೋಗಿ ಅಂತ ಬಸ್ಸಿನಲ್ಲಿ ಕಂಡಕ್ಟರಿಕೆ ಮಾಡಿ ರಿಟೈರ್ ಆದವರು. ಒಂದು ಮುಂಜಾನೆ ಲಕ್ವಾ ಹೊಡೆದು ಎಡಗಾಲು ಸೋತಿತು. "ದಿನಾ ನಡೆದ್ರ ಕಾಲು ಬರ್ತದ, ಕೂತ್ರ ಕೂತೇ ಹೋಗ್ತದ" ಅಂದರು ಡಾಕ್ಟರು. ಮಾಮಾ ಕೂತರು. ಕೋಲು ಹಿಡಿದು ಓಣಿಗೆ ಇಳಿಯಲು ನಾಚಿಕೆ. ಓಡುವ ಬಸ್ಸಿನಲ್ಲಿ ಏನನ್ನೂ ಹಿಡಿಯದೆ ನಿಂತು ಟಿಕೆಟ್ ಹರಿದ ಮನುಷ್ಯ ಅಲ್ಲವೇ!

ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋದ ಕಂಪ್ಯೂಟರಿನಲ್ಲಿ ಒಂದು ಆಟ ಇತ್ತು. ಅದರೊಳಗೆ ಒಂದು ಇಡೀ ರಾಜ್ಯ: ಕೋಟೆ, ಕಾಡು, ಮಾಟಗಾರರು, ರೆಕ್ಕೆ ಇರುವ ಹಾವು. ಒಬ್ಬ ವೀರನನ್ನು ಬೆರಳಲ್ಲೇ ಎಲ್ಲಿಗೆ ಬೇಕಾದರೂ ನಡೆಸಬಹುದು. ಉಳಿದವರು ಯುದ್ಧ ಗೆಲ್ಲಲು ಆಡುತ್ತಾರಂತೆ. ಮಾಮಾ ಆಡುತ್ತಿದ್ದುದು ಚೆಕಿಂಗ್ ಸಾಹೇಬರಂತೆ, ತಪ್ಪು ಹಿಡಿಯಲು!

"ಇದನ್ನ ಮಾಡಿದವ್ರು ಒಂದು ಊರನ್ನೂ ನೆಟ್ಟಗ ನೋಡಿಲ್ಲಲೇ. ಕೋಟಿ ಐತಿ, ಕೋಟಿ ಗ್ವಾಡಿಗೆ ಒಂದ ಸಗಣಿ ಕುಳ್ಳು ಬಡಿದಿಲ್ಲ! ಈ ಊರಾಗ ಒಲಿ ಹಚ್ಚೋರ ಇಲ್ಲೇನು? ನಮ್ಮ ವನದುರ್ಗದ ಕೋಟಿಗೆ ಬಂದು ನೋಡಿ ಹೋಗ್ಲಿ."

"ರಾಕ್ಷಸರು ತಿರುಗ್ಯಾಡೋ ಊರಾಗ ಕುಳ್ಳಿಂದ ಏನೈತ್ರಿ ಮಾಮಾ?"

"ರಾಕ್ಷಸರನ್ನ ನಂಬ್ತೀನಿ. ಒಲಿ ಇಲ್ಲದ ಊರನ್ನ ಹೆಂಗ ನಂಬ್ಲಿ?"

 

ನಕ್ಷೆಯಲ್ಲಿ ಊರಿನ ಹೆಸರು ಒತ್ತಿದರೆ ವೀರ ಕಣ್ಣು ಮುಚ್ಚಿ ತೆರೆಯುವುದರೊಳಗೆ ಅಲ್ಲಿರುತ್ತಾನೆ. ಮಾಮಾ ಅದನ್ನು ಮುಟ್ಟುತ್ತಿರಲಿಲ್ಲ. "ನಡುವಿನ ಸ್ಟಾಪ್ ಎಲ್ಲಾ ಬಿಟ್ಟು ಗಾಡಿ ಓಡಿಸಿದಂಗ ಆತು. ಹಾದ್ಯಾಗ ನಿಂತ ಮಂದಿ ಏನು ಮಾಡ್ಬೇಕು?" ದಾರಿ ತೋರಿಸುವ ಬಾಣದ ಗುರುತೂ ಬೇಡವಂತೆ. ಕೇಳಿಕೊಂಡೇ ಹೋಗಬೇಕು. ಕೇಳಿದರೆ ಯಾರಾದರೊಬ್ಬ "ಇಲ್ಲೇ ಐತ್ರಿ, ಸಮೀಪ" ಅಂತ ಸುಳ್ಳು ಹೇಳಬೇಕು. ಆಗಲೇ ಅದು ಊರು!

ಆ ರಾಜ್ಯದಲ್ಲಿ ವೀರ ಯಾರ ಮನೆಗಾದರೂ ಕಾಲಿನ ಜೋಡು ಸಮೇತ ನುಗ್ಗಬಹುದು, ಕೊಡ, ರೊಟ್ಟಿ ಎತ್ತಿಕೊಂಡು ಬರಬಹುದು, ಕೇಳುವವರಿಲ್ಲ. ಮಾಮಾ ಮಾತ್ರ ಹೊಸ್ತಿಲಲ್ಲಿ ಅವನ ಜೋಡು ಬಿಚ್ಚಿಸಿಯೇ ಒಳಗೆ ಕರೆದೊಯ್ಯುತ್ತಿದ್ದರು. ಒಮ್ಮೆ ಹೊರಗೆ ಬಂದು ತೊಡಿಸುವುದನ್ನು ಮರೆತು, ಬರಿಗಾಲಲ್ಲೇ ಹಿಮದ ಗುಡ್ಡ ಹತ್ತಿಸಿ, ವೀರನನ್ನು ಕೊಂದೇಬಿಟ್ಟರು!

ಒಳಗಿನಿಂದ ಅಕ್ಕ ಕೂಗಿದಳು: "ನೀವು ಬಾಗಲಾ ದಾಟಬ್ಯಾಡ್ರಿ, ಆ ಬಡವನ್ನ ಗುಡ್ಡಾ ಹತ್ತಿಸಿ ಸಾಯಿಸ್ರಿ!"

ಅವರ ದೊಡ್ಡ ಸಿಟ್ಟು ಆ ಊರಿನ ಮಂದಿಯ ಮೇಲೆ. "ಹೋದಾಗೊಮ್ಮೆ ಆ ಕಮ್ಮಾರ 'ಈ ಸಲ ಚಳಿ ಭಾಳ' ಅಂತಾನ. ಒಂದ ಮಾತು! ಅವಗ ಸಂಸಾರ ಇಲ್ಲೇನು? ಯಾರಿಗರ ಏನರ ಬೇಕಂದ್ರ ರಾಕ್ಷಸನ ತಲಿನ ಬೇಕು. ಸಣ್ಣದೊಂದು ಕೆಲಸ ನನ್ನಿಂದ ಯಾರಿಗೂ ಬೇಕಾಗಿಲ್ಲ ಅಂದ್ರ ನಾ ಆ ಊರಿಗೆ ಯಾಕ ಹೋಗ್ಲಿ?"

ಈ ಮಾತು ನನ್ನ ತಲೆಯಲ್ಲಿ ಕೂತಿತು. ನಾನು ಓದಿದ್ದು ಏಳನೇ ಕ್ಲಾಸು. ಆದರೆ ನಾನು ಮಾಡಿದ ಗೇಟು ಇವತ್ತಿನವರೆಗೆ ವಾಪಸ್ ಬಂದಿಲ್ಲ, ಕೇಳಿ ನೋಡಿ! ನಮ್ಮ ಓಣಿಯಲ್ಲೇ ಅಂಥದೊಂದು ಆಟ ಕಟ್ಟುವುದು ಅದಕ್ಕಿಂತ ಕಷ್ಟವೇ? ಮನೆಯಿಂದ ಮೂಲೆಯ ಚಾ ಹೋಟೆಲ್ಲಿನವರೆಗಿನ ಪಾನ್ ಅಂಗಡಿ, ಗಿರಣಿ, ಟೇಲರ್ ಎಲ್ಲರಿಗೂ ಹೇಳಿ ಬಂದೆ: "ಮಾಮಾ ಬಂದ್ರ ಸುಮ್ನ ಬಿಡಬ್ಯಾಡ್ರಿ, ಏನರ ಕೇಳ್ರಿ." ನಾನು ಹೇಳಿದಂತೆ ಅಕ್ಕ ಮನೆಯಲ್ಲಿ ಚಾ ಬಂದ್ ಮಾಡಿದಳು. ಮಾಮಾ ಮುಂಜಾನೆಯೆಲ್ಲ ತಡೆದರು, ಸಂಜೆಗೆ ಕೋಲು ಕೇಳಿದರು! ಸುಸ್ತಾದರೆ ಕೂರಲಿ ಅಂತ ನಾನೇ ಬೆಸೆದ ಕಬ್ಬಿಣದ ಸ್ಟೂಲು ತಲೆಯ ಮೇಲೆ ಹೊತ್ತು ಹಿಂದೆ ನಡೆದೆ.

ಪಾನ್ ಅಂಗಡಿಯವನು ಕೇಳಿದ, "ಕಾಲು ಹೆಂಗೈತ್ರಿ?"

ಗಿರಣಿಯವನು ಕೇಳಿದ, "ಕಾಲು ಹೆಂಗೈತ್ರಿ?"

ಟೇಲರ್ ಮಷೀನು ನಿಲ್ಲಿಸಿ ಎದ್ದು ಬಂದೇ ಕೇಳಿದ, "ಕಾಲು ಹೆಂಗೈತ್ರಿ?"

ಮಾಮಾ ನನ್ನ ಕಡೆ ತಿರುಗಿದರು. "ಈ ಆಟ ನೀನ ಮಾಡೀಯೇನು?"

"ಹೌದ್ರಿ."

"ಎಲ್ಲಾರ ಬಾಯಾಗೂ ಒಂದ ಮಾತು ತುಂಬೀದಿ!" ಅಂದವರೇ ಮನೆ ಕಡೆ ಮುಖ ಮಾಡಿದರು. ನನ್ನ ಕೈಕೆಲಸ ಮೊದಲ ಸಲ ವಾಪಸ್ ಬಂತು!

ಅಷ್ಟರಲ್ಲಿ ತಲೆಯ ಮೇಲೆ ಗಂಟು ಹೊತ್ತ ಒಬ್ಬ ಮುದುಕಿ ಚಾ ಹೋಟೆಲ್ ಕಡೆಯಿಂದ ಬಂದು ಎದುರು ನಿಂತಳು. "ಯಪ್ಪಾ, ನೀ ಬಸ್ಸಿನವ ಅಲ್ಲೇನು? ಗೋಗಿ ಗಾಡಿ ಹೋತೇನು?"

ಕಾಲಿನ ಕಡೆ ಅವಳು ನೋಡಲೇ ಇಲ್ಲ. ಮಾಮಾ ಗಡಿಯಾರ ನೋಡಿಕೊಂಡರು. "ಇನ್ನೂ ಇಲ್ಲಬೇ ಯವ್ವ. ಆದ್ರ ನೀ ಹೊಂಟಿದ್ದು ಉಲ್ಟಾ ದಿಕ್ಕು. ನಡಿ, ತೋರಿಸ್ತೀನಿ."

ಬಸ್‌ಸ್ಟ್ಯಾಂಡು ಚಾ ಹೋಟೆಲ್ ದಾಟಿ ಇನ್ನೂ ಮುಂದೆ. ಗಂಟಿನ ಭಾರಕ್ಕೆ ಅವಳು ನಿಧಾನ, ಕಾಲಿನ ಸಲುವಾಗಿ ಇವರು ನಿಧಾನ. ಜೋಡಿ ಸರಿಯಾಯಿತು.

"ಒಮ್ಮೆ ನನ್ನ ಕೋಳಿಗೂ ಟಿಕೆಟ್ ಹರಿದಿದ್ದಿ ನೀನು!"

"ಕೋಳಿಗೆ ಟಿಕೆಟ್ ಐತಬೇ, ಕಾನೂನು!"

"ಅದಕ್ಕ ಸೀಟರ ಕೊಡಬೇಕಿತ್ತಪಾ!"

ಸ್ಟೂಲು ನನ್ನ ತಲೆಯ ಮೇಲೆಯೇ ಉಳಿಯಿತು. ಸ್ಟ್ಯಾಂಡಿನಲ್ಲಿ ಗೋಗಿ ಬಸ್ಸು ಹೊರಟೇಬಿಟ್ಟಿತ್ತು. ಮಾಮಾ ಕೋಲು ಎತ್ತಿ, "ಹೋಲ್ಡಾನ್!" ಅಂದರು. ಬಸ್ಸು ಗಪ್ಪನೆ ನಿಂತಿತು! ಮುದುಕಿಯನ್ನು ಹತ್ತಿಸಿ, ತಗಡನ್ನು ತಟ್ಟಿ "ರೈಟ್" ಅಂದ ಮೇಲೇ ಅದು ಹೊರಟದ್ದು.

ಆಮೇಲೆ ಸ್ಟೂಲಿನ ಮೇಲೆ ಕೂತು ಏದುಸಿರು ಬಿಡುತ್ತಾ ಕೇಳಿದರು: "ಆ ಮುದುಕಿಗೂ ನೀನ ಹೇಳಿಕೊಟ್ಟಿದ್ದೇನು? ಖರೇ ಹೇಳು."

ಊರಿನ ಯಾವ ಗೇಟು ಚೆನ್ನಾಗಿದ್ದರೂ ನನ್ನದೇ ಅನ್ನುವವನು ನಾನು. ಅವತ್ತು ಆಗಲಿಲ್ಲ.

"ಇಲ್ರಿ ಮಾಮಾ. ಆಕಿ ಖರೇನ ಕೇಳಿದ್ಳು."

ಮಾಮಾ ಎಡಗಾಲಿನ ಚಪ್ಪಲಿಗೆ ಮೆತ್ತಿದ ಧೂಳನ್ನೇ ನೋಡುತ್ತಾ ಕೂತರು. ಆಮೇಲೆ, ಎಬ್ಬಿಸು ಅಂತ ನನ್ನ ಕಡೆ ಕೈ ಚಾಚಿದರು.

"ನಾಳೆ ಸುರಪುರ ಗಾಡಿ ಹೊತ್ತಿಗೆ ಬರೂಣು. ಯಾರರ ಕೇಳಿದ್ರ ಹೇಳಾಕ ಒಬ್ರು ಬೇಕಲ್ಲ."